ಬಸ್ ಎಲ್ಲಿತನಕ ಬಂದದ?

ಭಾಲ್ಕಿಗೆ ರೈಲಿನಲ್ಲಿ ಹೋದರೆ ಒಂದು ಲಾಭವಿದೆ. ಬೀದರಿನ ಕೆಂಪು ನೆಲ ಮೆಲ್ಲಮೆಲ್ಲಗೆ ಕಪ್ಪು ಎರೆಭೂಮಿಯಾಗಿ ತಿರುಗುವುದನ್ನು ಕಿಟಕಿಯ ಪಕ್ಕ ಕುಳಿತೇ ನೋಡಬಹುದು. ತೊಗರಿ ಹೊಲ, ಕಬ್ಬಿನ ಗದ್ದೆ, ನಡುನಡುವೆ ಒಂದು ಬೇವಿನ ಮರ. ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಉದಗೀರ್ ಹಾದು ಪರಳಿಯ ಕಡೆಗೆ ಹೋಗುವ ಹಳೆಯ ಹಳಿ ಇದು. ನಿಜಾಮರ ಕಾಲದ ನೆನಪು ಇನ್ನೂ ಈ ದಾರಿಯಲ್ಲಿ ಅಲ್ಲಲ್ಲಿ ಉಳಿದಿದೆ.

ಹಲಬರ್ಗಾ ಕಳೆದ ಮೇಲೆ ನನ್ನೆದುರು ಕುಳಿತಿದ್ದ ಹುಡುಗನೊಬ್ಬ ಫೋನು ನೋಡಿ, ‘ಮುತ್ಯಾ, ಇನ್ನ ಎಂಟು ನಿಮಿಷ ಅದ’ ಎಂದ. ಈ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ಮುತ್ಯಾ ಸುಮ್ಮನೆ ಒಪ್ಪುವವರಲ್ಲ. ‘ಈಗ ನೆಟ್ ಇಲ್ಲ ಅಂದಿ. ಮತ್ತ ಅದಕ್ಕ ಹ್ಯಾಂಗ ತಿಳೀತದ?’ ಎಂದು ಕೇಳಿದರು. ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಪ್ರಶ್ನೆ ಮಾತ್ರ ಬಹಳ ಒಳ್ಳೆಯದಾಗಿತ್ತು.

ಅವನು ನೋಡುತ್ತಿದ್ದದ್ದು ‘ವೇರ್ ಈಸ್ ಮೈ ಟ್ರೇನ್’ ಎಂಬ ಆ್ಯಪ್. ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್ ಎಂಬ ಸಣ್ಣ ಕಂಪನಿ ಮಾಡಿದ್ದು; 2018ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಕನ್ನಡದಲ್ಲೂ ಓದಬಹುದು. ಅದರ ಜಾಣತನ ಇರುವುದು ಒಂದು ಸರಳ ಉಪಾಯದಲ್ಲಿ. ಹಳಿಯ ಉದ್ದಕ್ಕೂ ಮೊಬೈಲ್ ಟವರುಗಳಿವೆ, ಪ್ರತಿ ಟವರಿಗೂ ಒಂದು ನಂಬರಿದೆ. ಯಾವ ನಂಬರಿನ ಟವರು ಯಾವ ಜಾಗದಲ್ಲಿದೆ ಎಂಬ ಪಟ್ಟಿ ಆ್ಯಪ್‌ನೊಳಗೆ ಮೊದಲೇ ಕುಳಿತಿರುತ್ತದೆ. ರೈಲು ಓಡಿದಂತೆ ಫೋನು ಒಂದು ಟವರಿನ ಕೈಬಿಟ್ಟು ಇನ್ನೊಂದರ ಕೈ ಹಿಡಿಯುತ್ತದೆ. ಅಷ್ಟು ತಿಳಿದರೆ ಸಾಕು, ರೈಲು ಎಲ್ಲಿದೆ ಎಂದು ಗೊತ್ತಾಗುತ್ತದೆ. ರಾತ್ರಿ ಹಳ್ಳಿಯ ದಾರಿಯಲ್ಲಿ ನಾಯಿ ಬೊಗಳುವ ಸದ್ದು ಕೇಳಿಯೇ ‘ಇದು ಗೌಡರ ಮನೆ, ಇದು ಗುಡಿ’ ಎಂದು ಗುರುತಿಸುವವರಿಲ್ಲವೇ, ಹಾಗೆಯೇ ಇದು. ಇದನ್ನು ಹೇಳಿದಾಗ ಮುತ್ಯಾ ತಲೆಯಾಡಿಸಿ, ‘ಹಾಂಗಾದ್ರ ಸರಿ’ ಎಂದರು. ಎಂಟು ನಿಮಿಷ ಹತ್ತಾಯಿತು, ಅದು ಬೇರೆ ಮಾತು.

ಮರುದಿನ ಬೆಳಿಗ್ಗೆ ಭಾಲ್ಕಿಯ ಬಸ್ ನಿಲ್ದಾಣಕ್ಕೆ ಹೋದೆ. ನನಗೆ ಊರುಗಳಲ್ಲಿ ಕೋಟೆಗಿಂತ ಬಸ್ ನಿಲ್ದಾಣವೇ ಹೆಚ್ಚು ಇಷ್ಟ. ಒಂದೇ ಬೆಂಚಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳಿಸುತ್ತವೆ, ಕೆಲವೊಮ್ಮೆ ಒಂದೇ ವಾಕ್ಯದಲ್ಲಿ ಮೂರೂ. ಮೈಕಿನಲ್ಲಿ ಬಸ್ಸುಗಳ ಹೆಸರು ಹೇಳುತ್ತಿದ್ದರು. ಕೈಯಲ್ಲಿ ಬಟ್ಟೆಯ ಚೀಲ, ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಆಯಿ ಶಾಲೆಯ ಹುಡುಗಿಯೊಬ್ಬಳನ್ನು ಕೇಳುತ್ತಿದ್ದರು: ‘ಕಣ್ಣಿನ ಡಾಕ್ಟರ್ ಹನ್ನೊಂದಕ್ಕ ಬಾ ಅಂದಾರ. ಬೀದರ್ ಬಸ್ ಎಲ್ಲಿತನಕ ಬಂದದ ನೋಡು ಮಗಾ.’ ಹುಡುಗಿಯ ಬಳಿ ಫೋನಿರಲಿಲ್ಲ. ಆದರೆ ಬಂದ ಬಂದ ಬಸ್ಸಿನ ಬೋರ್ಡನ್ನು ಆಯಿಗಾಗಿ ಗಟ್ಟಿಯಾಗಿ ಓದುತ್ತಾ ನಿಂತಳು: ‘ಹುಮನಾಬಾದ್... ಬಸವಕಲ್ಯಾಣ... ಇದು ಅಲ್ಲ ಆಯಿ... ಬೀದರ್!’

ಬೋರ್ಡು ಎಂದಾಗ ಭಾಲ್ಕಿಯಲ್ಲಿ ಒಂದು ಕಥೆ ನೆನಪಾಗದೆ ಇರದು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟವಿದ್ದಾಗ, ಇಲ್ಲಿನ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಒಂದು ಬೋರ್ಡಿನ ಮೇಲೆ ಯಾವ ಅಕ್ಷರ ಇರಬೇಕು ಎಂಬುದು ಈ ಊರಿಗೆ ಎಂದೂ ಸಣ್ಣ ವಿಷಯವಾಗಿರಲಿಲ್ಲ.

ಆಯಿ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತರು. ಅವರ ಹಳ್ಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸಂತೆ. ತಪ್ಪಿದರೆ ದಿನವೇ ಹೋಯಿತು. ‘ಅದಕ್ಕ ಒಂದು ತಾಸು ಮೊದಲೇ ಬಂದು ಕಟ್ಟಿ ಮ್ಯಾಲ ಕೂಡ್ತೀನ್ರಿ’ ಎಂದರು. ಮಕ್ಕಳೇ, ಒಂದು ಸಣ್ಣ ಲೆಕ್ಕ ಮಾಡಿ. ವಾರಕ್ಕೆ ಎರಡು ಸಲ, ಸಲಕ್ಕೆ ಒಂದು ತಾಸು. ವರ್ಷಕ್ಕೆ 104 ತಾಸು. ಅಂದರೆ ನಾಲ್ಕು ಹಗಲು ನಾಲ್ಕು ರಾತ್ರಿಗಿಂತ ಹೆಚ್ಚು ಹೊತ್ತು ಆಯಿ ಬರೀ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಈ ಹೊತ್ತು ಯಾವ ವೇಳಾಪಟ್ಟಿಯಲ್ಲೂ ಬರುವುದಿಲ್ಲ. ಬೈಕು ಕೊಳ್ಳುವ ಹುಡುಗರು ಬಸ್ಸನ್ನು ಬಿಡುವುದು ಅದು ನಿಧಾನ ಎಂದಲ್ಲ, ಈ ಕಾಯುವ ತಾಸು ಬೇಡವೆಂದು. ಐವತ್ತು ಜನ ಒಂದು ಬಸ್ಸಿನಲ್ಲಿ ಕೂತರೆ ಒಂದೇ ಎಂಜಿನ್ನಿನ ಹೊಗೆ. ಐವತ್ತು ಬೈಕಾದರೆ ಐವತ್ತು ಎಂಜಿನ್ನು. ಪರಿಸರದ ಮಾತು ಕೊನೆಗೆ ಬಂದು ನಿಲ್ಲುವುದು ಆಯಿಯ ಕಟ್ಟೆಯ ಹತ್ತಿರವೇ.

ಕಂಡಕ್ಟರ್ ಬಂದು ಟಿಕ್ ಟಿಕ್ ಎಂದು ಯಂತ್ರ ಒತ್ತಿದರು. ಆಯಿ ಆಧಾರ್ ಕಾರ್ಡು ತೋರಿಸಿ ಶೂನ್ಯ ದರದ ಚೀಟಿ ಪಡೆದರು, ನಾನು ದುಡ್ಡು ಕೊಟ್ಟು. ನಿಮ್ಮ ಅಜ್ಜನನ್ನು ಕೇಳಿ ನೋಡಿ, ಅವರ ಕಾಲದಲ್ಲಿ ಕಂಡಕ್ಟರ ಕೈಯಲ್ಲಿ ಬಣ್ಣಬಣ್ಣದ ಚೀಟಿಗಳ ಕಟ್ಟು, ತೂತು ಹೊಡೆಯುವ ಕತ್ತರಿಯಂಥ ಪಂಚ್ ಇರುತ್ತಿತ್ತು. ಆ ತೂತಿನ ಸಣ್ಣ ಚುಕ್ಕೆಗಳನ್ನು ಆರಿಸುತ್ತಿದ್ದ ಮಕ್ಕಳಲ್ಲಿ ನಾನೂ ಒಬ್ಬ.

ಈ ಭಾಗದ ಸರ್ಕಾರಿ ಬಸ್ಸಿನ ಕಥೆ ಬಹಳ ಹಳೆಯದು. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮ್ ರೈಲ್ವೆಯ ಒಂದು ಭಾಗವಾಗಿ ರಸ್ತೆ ಸಾರಿಗೆ ಶುರುವಾದದ್ದು 1932ರಲ್ಲಿ. ಆಗ ಇದ್ದದ್ದು 27 ಬಸ್ಸು, 166 ನೌಕರರು. ಬೀದರ್ ಆಗ ಅದೇ ಸಂಸ್ಥಾನದಲ್ಲಿತ್ತು. 1956ರಲ್ಲಿ ಜಿಲ್ಲೆ ಕನ್ನಡನಾಡಿಗೆ ಸೇರಿತು. 2000ದಲ್ಲಿ ಕಲಬುರಗಿಯನ್ನು ಕೇಂದ್ರವಾಗಿಸಿ ಈಶಾನ್ಯ ಸಾರಿಗೆ ನಿಗಮ ಬೇರೆಯಾಯಿತು. ಈಗ ಅದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ.

ಮತ್ತೆ ಆ ಯಂತ್ರಕ್ಕೆ ಬರೋಣ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾಗಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಸಿಕ್ಕಿತು. 2025ರ ಜುಲೈ ಹೊತ್ತಿಗೆ ಅಂಥ ಪ್ರಯಾಣಗಳು 500 ಕೋಟಿ ದಾಟಿದವು. ಇಷ್ಟನ್ನು ಯಾರು ಕುಳಿತು ಎಣಿಸಿದರು? ಯಾರೂ ಇಲ್ಲ. ದುಡ್ಡಿಲ್ಲದಿದ್ದರೂ ಚೀಟಿ ಕೊಡುವುದು ಅದಕ್ಕೇ. ಆಯಿಯ ಚೀಟಿ ಹರಿದು ಬಂದಾಗಲೇ ಎಲ್ಲಿ ಹತ್ತಿದರು, ಎಲ್ಲಿಗೆ ಹೊರಟರು, ಎಷ್ಟು ಹೊತ್ತಿಗೆ ಎಂಬುದು ಯಂತ್ರದ ನೆನಪಿನಲ್ಲಿ ಉಳಿಯುತ್ತದೆ. ದಿನದ ಕೊನೆಗೆ ಡಿಪೊದಲ್ಲಿ ಈ ನೆನಪೆಲ್ಲ ಒಟ್ಟಾಗುತ್ತದೆ. ಯಾವ ಹಳ್ಳಿಯಲ್ಲಿ ಬೆಳಿಗ್ಗೆ ಎಂಟಕ್ಕೆ ನಲವತ್ತು ಮಂದಿ ಹತ್ತುತ್ತಾರೆ, ಯಾವ ದಾರಿಯಲ್ಲಿ ಮಧ್ಯಾಹ್ನ ಬಸ್ಸು ಖಾಲಿ ಓಡುತ್ತದೆ ಎಂದು ಕಾಣಿಸುತ್ತದೆ. ಖಾಲಿ ಓಡುವ ಬಸ್ಸನ್ನು ತುಂಬಿ ತುಳುಕುವ ಕಡೆಗೆ ತಿರುಗಿಸಿದರೆ ಒಂದು ಹನಿ ಡೀಸೆಲ್ ಹೆಚ್ಚು ಸುಡದೆ ಹೆಚ್ಚು ಜನ ಹೋಗಬಹುದು. ಆದರೆ ಒಂದು ಮಾತು. ಬಸ್ಸೇ ಬಾರದ ಊರಿನವರು ಚೀಟಿ ಕೊಳ್ಳುವುದಿಲ್ಲ, ಹಾಗಾಗಿ ಅವರು ಈ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಯಂತ್ರ ಹೇಳುವುದನ್ನಷ್ಟೇ ನಂಬಿದರೆ ಅವರ ಊರಿಗೆ ಎಂದೂ ಬಸ್ಸು ಬಾರದು. ಅಲ್ಲಿಗೆ ಮನುಷ್ಯರೇ ಹೋಗಿ ಕೇಳಬೇಕು.

ದಾರಿಯಲ್ಲಿ ನಮ್ಮ ಬಸ್ಸು ನಿಧಾನವಾಯಿತು. ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರು, ಅದಕ್ಕೆ ಎರಡು ಟ್ರಾಲಿ, ಟ್ರಾಲಿಯ ಮೇಲೆ ಆನೆಯ ಎತ್ತರ ಕಬ್ಬು. ಕಬ್ಬು ಅರೆಯುವ ಕಾಲದಲ್ಲಿ ಈ ರಸ್ತೆಗಳ ರಾಜ ಅದೇ. ಡ್ರೈವರಿಗೂ ಗೊತ್ತು, ಹಾರ್ನ್ ಹೊಡೆದು ಪ್ರಯೋಜನವಿಲ್ಲ.

ಈ ಹೊತ್ತಿನಲ್ಲಿ ಮುಂದಿನ ನಿಲ್ದಾಣದಲ್ಲಿ ಕಾಯುವವರಿಗೆ ಬಸ್ಸಿನ ಸುದ್ದಿ ಮುಟ್ಟುವುದು ಹೇಗೆ? ಜಿಪಿಎಸ್ ಎಂಬ ಹೆಸರು ನೀವು ಕೇಳಿದ್ದೀರಿ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಬಿಡದೆ ‘ಈಗ ಗಂಟೆ ಇಷ್ಟು, ನಾನಿರುವುದು ಇಲ್ಲಿ’ ಎಂದು ಸಾರುತ್ತಿರುತ್ತವೆ. ಬಸ್ಸಿನಲ್ಲಿರುವ ಪೆಟ್ಟಿಗೆ ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕೇಳಿ, ಪ್ರತಿಯೊಂದು ಬಂದು ಮುಟ್ಟಲು ಹಿಡಿದ ಸಮಯದಿಂದ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಬೆಳಕಿನ ವೇಗದಲ್ಲಿ ಬರುವ ಮಾತು ಅದು, ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ಬಸ್ಸು 300 ಮೀಟರ್ ಆಚೆ ಇದ್ದಂತೆ ಕಾಣುತ್ತದೆ! ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರವಿದೆ. ನಮ್ಮ ಇಸ್ರೊ ಮಾಡಿದ ನಾವಿಕ್ ವ್ಯವಸ್ಥೆಯ ಕೆಲಸವೂ ಇದೇ. ಪೆಟ್ಟಿಗೆಯೊಳಗೆ ನಿಮ್ಮ ಫೋನಿನಂತೆಯೇ ಒಂದು ಸಿಮ್ ಇರುತ್ತದೆ. ಅದು ತನ್ನ ಜಾಗವನ್ನು ಕೇಂದ್ರಕ್ಕೆ ಕಳಿಸುತ್ತದೆ. 10 ಕಿ.ಮೀ. ಉಳಿದಿದೆ, ವೇಗ ಗಂಟೆಗೆ 40 ಕಿ.ಮೀ., ಹಾಗಾದರೆ 15 ನಿಮಿಷ. ಕಬ್ಬಿನ ಟ್ರ್ಯಾಕ್ಟರು ಎದುರಾಗಿ ವೇಗ 20ಕ್ಕೆ ಇಳಿದರೆ ಅದೇ 30 ನಿಮಿಷ. ಏಕೆ ನಿಧಾನವಾಯಿತು ಎಂದು ಯಂತ್ರಕ್ಕೆ ತಿಳಿಯದು, ನಿಧಾನವಾಯಿತು ಎಂದಷ್ಟೇ ತಿಳಿಯುತ್ತದೆ. ಕಾಯುವವರಿಗೆ ಅಷ್ಟೇ ಸಾಕು. 2019ರಿಂದ ಹೊಸ ಪ್ರಯಾಣಿಕ ವಾಹನಗಳಲ್ಲಿ ಇಂಥ ಪೆಟ್ಟಿಗೆ ಮತ್ತು ಅಪಾಯದಲ್ಲಿ ಒತ್ತುವ ಗುಂಡಿ ಇರಬೇಕೆಂದು ಕೇಂದ್ರದ ನಿಯಮವೂ ಇದೆ.

ಬೀದರಿನಲ್ಲಿ ಆಯಿಯನ್ನು ಕಣ್ಣಿನ ಆಸ್ಪತ್ರೆಯ ಆಟೊ ಹತ್ತಿಸಿ, ನಾನು ಹಳೆಯ ಊರಿನ ಕಡೆ ನಡೆದೆ. ಮಹಮೂದ್ ಗವಾನನ ಮದರಸಾಕ್ಕೆ ಎಲ್ಲರೂ ಹೋಗುತ್ತಾರೆ. 1472ರ ಆ ಕಟ್ಟಡ, ಗೋಡೆಯ ನೀಲಿ ಹೆಂಚುಗಳು ನೋಡಲೇಬೇಕಾದವು. ಆದರೆ ಅದಕ್ಕೂ ಮೊದಲು ಚೌಬಾರಾ ಸಿಗುತ್ತದೆ. ನಾಲ್ಕು ರಸ್ತೆಗಳು ಕೂಡುವ ಕಡೆ ನಿಂತ, 71 ಅಡಿ ಎತ್ತರದ ದುಂಡನೆಯ ಕಲ್ಲಿನ ಗೋಪುರ. ಮೇಲೆ ನಿಂತ ಕಾವಲುಗಾರನಿಗೆ ನಾಲ್ಕೂ ಕಡೆಯಿಂದ ಯಾರು ಬರುತ್ತಿದ್ದಾರೆ ಎಂದು ಕಾಣುತ್ತಿತ್ತು. ಕೆಳಗಿದ್ದವರಿಗೆ ಅವನು ತಿಳಿಸಬೇಕು.

ಅದರ ಬುಡದಲ್ಲಿ ನಿಂತಾಗ ನನಗೆ ರಾಜ್ಯದ ಇನ್ನೊಂದು ತುದಿಯ ಮೈಸೂರು ನೆನಪಾಯಿತು. ಅಲ್ಲಿ 2012ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ‘ಮಿತ್ರ’ ಎಂಬ ವ್ಯವಸ್ಥೆ ಬಂತು. ಸುಮಾರು 500 ಬಸ್ಸುಗಳಲ್ಲಿ ಪೆಟ್ಟಿಗೆ, ನೂರಕ್ಕೂ ಹೆಚ್ಚು ತಂಗುದಾಣಗಳಲ್ಲಿ ಬೆಳಗುವ ಬೋರ್ಡು, ಒಂದು ಕಡೆ ಎಲ್ಲವನ್ನೂ ನೋಡುವ ಕೋಣೆ. ಅದೂ ಒಂದು ಚೌಬಾರಾವೇ, ಮೆಟ್ಟಿಲಿಲ್ಲ ಅಷ್ಟೆ. ನಗರ ಬಸ್ಸುಗಳಿಗೆ ಇಂಥ ಏರ್ಪಾಡು ಮಾಡಿದ ದೇಶದ ಮೊದಮೊದಲ ಊರುಗಳಲ್ಲಿ ಮೈಸೂರೂ ಒಂದು. ಬೆಂಗಳೂರಿನ ಬಸ್ಸುಗಳಿಗೆ 2016ರಲ್ಲಿ ಬಂತು. 2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸುಗಳು ತಮ್ಮದೇ ದಾರಿಯಲ್ಲಿ ಓಡತೊಡಗಿದವು. ಚಿಗರಿ ಅಂದರೆ ಜಿಂಕೆ. ಅಲ್ಲಿ ನನಗೆ ಹಿಡಿಸಿದ್ದು ಕಂಪ್ಯೂಟರ್ ಅಲ್ಲ. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದು. ಮೊಣಕಾಲು ನೋವಿನ ಅಜ್ಜಿ ಮೆಟ್ಟಿಲು ಹತ್ತದೆ ಮನೆಯ ಹೊಸಿಲು ದಾಟಿದಂತೆ ಒಳಗೆ ಹೋಗಬಹುದು.

ದೊಡ್ಡ ಊರಿನ ಏರ್ಪಾಡು ಭಾಲ್ಕಿಗೆ ಏಕೆ ಎಂದು ಕೇಳುವವರಿದ್ದಾರೆ. ನನಗೆ ತಿರುಗಿ ಕೇಳಬೇಕೆನಿಸುತ್ತದೆ. ಬೆಂಗಳೂರಿನ ಮುಖ್ಯ ರಸ್ತೆಯಲ್ಲಿ ಒಂದು ಬಸ್ಸು ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ; ದಿನಕ್ಕೆ ಎರಡೇ ಬಸ್ಸಿರುವ ಹಳ್ಳಿಯಲ್ಲಿ ತಪ್ಪಿದರೆ ಕಣ್ಣಿನ ಡಾಕ್ಟರೇ ತಪ್ಪಿದಂತೆ. ಯಾರಿಗೆ ಸುದ್ದಿ ಹೆಚ್ಚು ಬೇಕು? ಅದೂ ಬರೀ ಆ್ಯಪ್ ಆದರೆ ಸಾಲದು. ಆಯಿಯ ಬಳಿ ಫೋನಿಲ್ಲ, ಇದ್ದರೂ ಕಣ್ಣಿಗೆ ಪೊರೆ. ಮೈಕಿನಲ್ಲಿ ‘ಬೀದರ್ ಬಸ್ ಹತ್ತು ನಿಮಿಷದಾಗ ಬರ್ತದ’ ಎಂದು ಹಳ್ಳಿಯ ಕಟ್ಟೆಗೂ ಕೇಳಿಸಿದರೆ, ಅದನ್ನು ಇಲ್ಲಿನ ಮಾತಿನಲ್ಲೇ ಹೇಳಿದರೆ, ಆಯಿ ಆ ಒಂದು ತಾಸನ್ನು ಮನೆಯಲ್ಲೇ ಕಳೆಯಬಹುದು.

ಸಂಜೆ ಔರಾದಿಗೆ ಹೋಗಲು ಮತ್ತೆ ಬೀದರಿನ ನಿಲ್ದಾಣಕ್ಕೆ ಬಂದೆ. ಗಡಿಜಿಲ್ಲೆಯ ನಿಲ್ದಾಣ ನೋಡುವುದಕ್ಕೇ ಚೆಂದ. ನಮ್ಮ ಬಸ್ಸುಗಳ ನಡುವೆ ಮಹಾರಾಷ್ಟ್ರದ ಕೆಂಪು ಎಸ್‌ಟಿ, ಇನ್ನೊಂದು ಕಡೆ ತೆಲಂಗಾಣದ ಬಸ್ಸು. ನಮ್ಮಲ್ಲಿ ಮಹಿಳೆಯರಿಗೆ ಶೂನ್ಯ ದರ. 2023ರಿಂದ ಮಹಾರಾಷ್ಟ್ರದಲ್ಲಿ ಅರ್ಧ ದರ. ಅದೇ ವರ್ಷದ ಡಿಸೆಂಬರಿನಿಂದ ತೆಲಂಗಾಣದಲ್ಲೂ ಉಚಿತ, ಆದರೆ ಅಲ್ಲಿಯವರಿಗೆ. ಉದಗೀರಿಗೆ ಮಗಳನ್ನು ಕೊಟ್ಟವರು, ಜಹೀರಾಬಾದಿನಲ್ಲಿ ಕೆಲಸಕ್ಕಿರುವವರು ಈ ಲೆಕ್ಕಗಳನ್ನೆಲ್ಲ ಬಾಯಿಪಾಠ ಮಾಡಿರುತ್ತಾರೆ. ಎಲ್ಲ ಊರಿನ ಬಸ್ಸು, ಮೆಟ್ರೊಗಳಿಗೂ ಒಂದೇ ಕಾರ್ಡು ಸಾಕಾಗಲಿ ಎಂದು ದೇಶದಲ್ಲಿ 2019ರಲ್ಲೇ ಒಂದು ಕಾರ್ಡು ಶುರುವಾಗಿದೆ. ಅಂಥದ್ದು ಮೊದಲು ಬೇಕಿರುವುದು ಇಂಥ ಗಡಿಯಲ್ಲಿ. ಮಾಂಜ್ರಾ ನದಿಗೆ ಯಾವ ರಾಜ್ಯದ ಗಡಿಯೂ ಗೊತ್ತಿಲ್ಲ, ಮೂರೂ ರಾಜ್ಯಗಳಲ್ಲಿ ಹರಿಯುತ್ತದೆ. ಬಸ್ಸಿನ ಸುದ್ದಿಯೂ ಹಾಗೆ ಹರಿಯಬಹುದು.

ಅಷ್ಟರಲ್ಲಿ ಕಂಡಕ್ಟರೊಬ್ಬರು ಬಾಗಿಲಲ್ಲಿ ನೇತಾಡುತ್ತಾ ‘ಔರಾದ್, ಔರಾದ್, ಔರಾದ್!’ ಎಂದು ಕೂಗಿದರು. ಬೋರ್ಡು ಓದಲು ಬಾರದವರೂ ಎದ್ದರು, ಓದಲು ಬರುವವರೂ ಎದ್ದರು. ಕಿಟಕಿಯ ಪಕ್ಕದ ಸೀಟು ನನಗೆ ಸಿಗಲಿಲ್ಲ.