ಕಥೆ ಹೇಳುವ ಡಬ್ಬಿ

ಓದುವುದು ಕಣ್ಣಿನ ಕೆಲಸವೆಂದು ನಾವೆಲ್ಲ ನಂಬಿಕೊಂಡಿದ್ದೇವೆ. ನಮ್ಮ ಹಿರಿಯರ ಅಭಿಪ್ರಾಯ ಬೇರೆಯಾಗಿತ್ತು. ಊರಿಗೊಬ್ಬ ಓದುತ್ತಿದ್ದ, ಉಳಿದವರು ಕೇಳುತ್ತಿದ್ದರು; ಓದಿದವನಿಗಿಂತ ಕೇಳಿದವನೇ ಹೆಚ್ಚು ಬಲ್ಲವನಾಗುತ್ತಿದ್ದುದೂ ಉಂಟು. ಕುಮಾರವ್ಯಾಸನ ಭಾರತ ನಮ್ಮ ಹಳ್ಳಿಗಳಲ್ಲಿ ಬಾಳಿದ್ದು ಗಮಕಿಗಳ ಕಂಠದಲ್ಲಿ, ಅಕ್ಷರವರಿಯದವರ ಕಿವಿಯಲ್ಲಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಆ ಕಂಠಕ್ಕೆ ರೆಕ್ಕೆ ಮೂಡಿತು. ಆಮೇಲೆ ಕ್ಯಾಸೆಟ್ಟು ಬಂತು. ಈಗ ಮೊಬೈಲಿನೊಳಗೆ ಕೇಳುಪುಸ್ತಕಗಳು ಬಂದಿವೆ. ಆದುದರಿಂದ ಕಿವಿಯಿಂದ ಓದುವುದು ಹೊಸ ವಿದ್ಯೆಯಲ್ಲ. ನಡುವೆ ನಾವು ಮರೆತಿದ್ದ ಹಳೆಯ ವಿದ್ಯೆ.

ಇದನ್ನು ನನಗೆ ನೆನಪಿಸಿದವರು ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಸೋದರಮಾವ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಹೋದವರು ಹೊಲಗಳ ನಡುವೆ ಗೋಪುರದಂತೆ ಎದ್ದು ನಿಂತ ಎತ್ತರದ ಮನೆಗಳನ್ನು ನೋಡಿರಬಹುದು. ಅವು ವಾಸದ ಮನೆಗಳಲ್ಲ, ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳು. ಹಸಿರು ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ತೂಗುಹಾಕಿ, ಹೊರಗಿನ ಒಲೆಗೆ ಸೌದೆಯಿಟ್ಟು, ಕೊಳವೆಗಳ ಮೂಲಕ ಕಾವನ್ನು ಹಾಯಿಸುತ್ತಾರೆ. ಐದಾರು ದಿನ ಹಗಲಿರುಳೂ ಉರಿಯನ್ನು ಕಾಯಬೇಕು. ಕಾವು ಏರಿದರೂ ಕೇಡು, ಇಳಿದರೂ ಕೇಡು. ಕಣ್ಣು ಮುಚ್ಚಿದರೆ ಒಂದು ಬೆಳೆಯ ಬೆವರು ಮಣ್ಣುಪಾಲು.

ಈ ಜಾಗರಣೆಯಲ್ಲಿ ಮಾವನಿಗೆ ಪುಸ್ತಕಗಳೇ ಸಂಗಾತಿ. ಕಲಿತದ್ದು ಏಳನೆಯ ತರಗತಿ. ಓದಿದ ಕಾದಂಬರಿಗಳಿಗೆ ಲೆಕ್ಕವಿಲ್ಲ. ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ ದಾರದಲ್ಲಿ ಹೊಲಿದಿಟ್ಟ ಕಟ್ಟುಗಳು ಅವರ ಅಟ್ಟದ ಮೇಲೆ ಇಂದಿಗೂ ಇವೆ. ಆದರೆ ಕೆಲವು ವರ್ಷಗಳಿಂದ ಸಕ್ಕರೆಯ ಕಾಯಿಲೆ ಅವರ ಕಣ್ಣಿನ ಮೇಲೆ ಕೈಯಿಟ್ಟಿತು. ಒಲೆಯ ಉರಿ ಕಾಣುತ್ತದೆ, ಮನುಷ್ಯರ ಆಕಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಬ್ಯಾರನ್ನಿನ ಮೇಲುಕೆಲಸ ಮಗನಿಗೆ ಬಂದಿದೆ. ರಾತ್ರಿಯ ಕಾವಲನ್ನು ಮಾತ್ರ ಅವರು ಬಿಟ್ಟುಕೊಟ್ಟಿಲ್ಲ.

“ಉರಿ ನೋಡಾಕೆ ಕಣ್ಣು ಸಾಕು ಕಣಪ್ಪ ಮೇಷ್ಟ್ರೆ, ರಾತ್ರಿ ಕಳಿಯಾಕೆ ಸಾಲ್ದು” ಎಂದರು ಒಮ್ಮೆ. ಕನ್ನಡದಲ್ಲಿ ಎಂ.ಎ. ಮಾಡಿ, ತರಗತಿಯಲ್ಲಿ ಕರುಣರಸವನ್ನು ಗಂಟೆಗಟ್ಟಲೆ ವಿವರಿಸುವ ನನಗೆ ಆ ಒಂದು ವಾಕ್ಯ ಸಾಕಾಯಿತು.

ಮೊಬೈಲು ಕೊಡಿಸಬಹುದಿತ್ತಲ್ಲ ಎನ್ನುವಿರಿ. ನುಣುಪು ಗಾಜಿನ ಮೇಲೆ ಬೆರಳಾಡಿಸಲು ಕಣ್ಣು ಬೇಕು. ಹೊಲದ ತುದಿಯ ಬ್ಯಾರನ್ನಿನಲ್ಲಿ ನೆಟ್‌ವರ್ಕ್ ಎಂಬ ಮಹಾರಾಯ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅವರಿಗೆ ಬೇಕಾದುದು ಗುಂಡಿಯೊತ್ತಿದರೆ ನುಡಿಯುವ, ಮೆಮೊರಿ ಕಾರ್ಡ್ ಹಾಕುವ ಚಿಕ್ಕ ಡಬ್ಬಿ. ಅದು ಸುಲಭವಾಗಿ ಸಿಕ್ಕಿತು. ಅದರ ಹೊಟ್ಟೆಗೆ ಹಾಕುವ ಕಥೆಯನ್ನು ಸಿದ್ಧಪಡಿಸುವುದೇ ಒಂದು ಪ್ರತ್ಯೇಕ ಅಡಿಗೆ.

ಕೇಳುಪುಸ್ತಕಗಳಲ್ಲಿ ಎರಡು ಜಾತಿ. ಆ್ಯಪಿನೊಳಗೆ ಬೀಗ ಹಾಕಿಟ್ಟವು ಕೆಲವು. ಹಣ ಕೊಟ್ಟರೂ ಅಲ್ಲಿಯೇ ಕುಳಿತು ಕೇಳಬೇಕು. ಓದಿದವರ, ಬರೆದವರ ಅನ್ನ ಅದರಲ್ಲಿರುವುದರಿಂದ ಆ ಬೀಗವನ್ನು ಮುರಿಯುವ ಮಾತು ನಮಗೆ ಬೇಡ. ಬೀಗವಿಲ್ಲದವು ಇನ್ನು ಕೆಲವು. ನಾನು ಮೂರನೆಯ ದಾರಿ ಹಿಡಿದೆ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಕೃತಿ ಎಲ್ಲರ ಸೊತ್ತು. ಎಂ.ಎಸ್. ಪುಟ್ಟಣ್ಣನವರು ಗತಿಸಿದ್ದು 1930ರಲ್ಲಿ. ಅವರ ‘ಮಾಡಿದ್ದುಣ್ಣೋ ಮಹಾರಾಯ’ ಕಾದಂಬರಿಯನ್ನು ನನ್ನ ವಿದ್ಯಾರ್ಥಿಗಳಿಗೆ ಹಂಚಿ, ಗಟ್ಟಿಯಾಗಿ ಓದಿ ತಮ್ಮ ತಮ್ಮ ಮೊಬೈಲಿನಲ್ಲಿ ಧ್ವನಿಮುದ್ರಿಸಿ ತರಹೇಳಿದೆ. ಪರೀಕ್ಷೆಗೆ ಹಾಳೆ ತಿರುವದವರೂ ಮಾವನ ಕಥೆ ಕೇಳಿ ಪುಟಗಟ್ಟಲೆ ಓದಿ ತಂದರು.

ಅವರು ತಂದ ಫೈಲುಗಳಲ್ಲಿ ಹೆಚ್ಚಿನವು ಎಂ4ಎ ಕುಲದವು. ಬಿಡಿಯಾಗಿ ಸಿಗುವ ಕೇಳುಪುಸ್ತಕಗಳು ಎಷ್ಟೋ ಸಲ ಎಂ4ಬಿ ಎಂಬ ರೂಪದಲ್ಲಿರುತ್ತವೆ. ಇಡೀ ಪುಸ್ತಕ ಒಂದೇ ಫೈಲು, ಒಳಗೆ ಅಧ್ಯಾಯಗಳ ಗುರುತು. ಮಾವನ ಡಬ್ಬಿಗೆ ಈ ಶಿಷ್ಟಭಾಷೆ ಅರ್ಥವಾಗದು. ಅದು ಬಲ್ಲದ್ದು ಎಂಪಿ3 ಒಂದನ್ನೇ. ಕಿವಿಗೆ ಅಷ್ಟಾಗಿ ಕೇಳಿಸದುದನ್ನು ಬಿಟ್ಟು, ಕೇಳಿಸುವುದನ್ನಷ್ಟೇ ಉಳಿಸಿ ಫೈಲನ್ನು ಕಿರಿದು ಮಾಡುವ ವಿದ್ಯೆ ಅದು. ಜರ್ಮನಿಯ ಸಂಸ್ಥೆಯೊಂದು ಅದರ ಹಕ್ಕಿಗಾಗಿ ವಸೂಲು ಮಾಡುತ್ತಿದ್ದ ಶುಲ್ಕವನ್ನು 2017ರಲ್ಲಿ ನಿಲ್ಲಿಸಿತು. ಸಂತೆಯ ಡಬ್ಬಿಯಿಂದ ಕಾರಿನ ರೇಡಿಯೊದವರೆಗೆ ಎಲ್ಲಕ್ಕೂ ತಿಳಿಯುವ ಆಡುಮಾತೆಂದರೆ ಅದೇ.

ಭಾಷಾಂತರಕ್ಕೆ ಹಣ ಬೇಡ. ಆಡಾಸಿಟಿ, ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶಗಳಿವೆ. ಸಂಗೀತಕ್ಕಾದರೆ ಎರಡು ಕಿವಿಗೂ ಬೇರೆ ಬೇರೆ ನಾದ ಬೇಕು. ಮಾತಿಗೆ ಒಂದೇ ಧಾರೆ ಸಾಕು. ಸೆಕೆಂಡಿಗೆ 64 ಕಿಲೋಬಿಟ್ ಎಂದು ಗೊತ್ತುಮಾಡಿದರೆ ಗಂಟೆಗೆ ಸುಮಾರು 29 ಎಂಬಿ. ಚಿಕ್ಕದೊಂದು 8 ಜಿಬಿ ಕಾರ್ಡಿನಲ್ಲಿ 250 ಗಂಟೆಗೂ ಮಿಕ್ಕಿದ ಕಥೆ ಹಿಡಿಸುತ್ತದೆ. ಬ್ಯಾರನ್ನು ಕೆಲವು ಸಲ ತುಂಬಿ ಇಳಿದರೂ ಕಥೆ ಮುಗಿಯದು. ಒಬ್ಬನ ಧ್ವನಿ ಸಿಡಿಲು, ಇನ್ನೊಬ್ಬಳದು ಪಿಸುಮಾತು; ಅವನ್ನು ಒಂದೇ ಮಟ್ಟಕ್ಕೆ ತರುವ ಉಪಾಯವೂ ಅಲ್ಲಿಯೇ ಇದೆ. ಪ್ರತಿ ಭಾಷಾಂತರದಲ್ಲಿಯೂ ಧ್ವನಿ ತುಸು ಸೊರಗುವುದರಿಂದ ಮೂಲಪ್ರತಿಯನ್ನು ತೆಗೆದಿಡುವುದು ಜಾಣತನ.

ಇನ್ನು ಸರದಿಯ ಮಾತು. ಹೆಸರಿನ ಕ್ರಮದಲ್ಲಿ ನುಡಿಸುವ ಡಬ್ಬಿಗೆ 1 ಆದ ಮೇಲೆ 10, ಅನಂತರ 11. ಪಾಪದ 2 ಬಹಳ ಹಿಂದೆ. ಧರ್ಮರಾಯ ಜೂಜಾಡುವ ಮೊದಲೇ ವನವಾಸಕ್ಕೆ ಹೊರಟುಬಿಡುತ್ತಾನೆ! 001, 002 ಎಂದು ಸೊನ್ನೆಗಳ ಕಾವಲಿಟ್ಟರೆ ಕಥೆ ದಾರಿ ತಪ್ಪದು. ಕೆಲವು ಡಬ್ಬಿಗಳು ಕಾರ್ಡಿಗೆ ಇಳಿಸಿದ ಕ್ರಮದಲ್ಲಿಯೇ ನುಡಿಸುವುದರಿಂದ ಅದೇ ಸರದಿಯಲ್ಲಿ ಇಳಿಸುವುದೂ ಒಳಿತು.

ಎಲ್ಲಕ್ಕಿಂತ ದೊಡ್ಡ ತೊಡಕು ಮರೆವು. ಹಳೆಯ ಕ್ಯಾಸೆಟ್ಟು ನಿಲ್ಲಿಸಿದಲ್ಲಿಯೇ ನಿಲ್ಲುತ್ತಿತ್ತು. ತಿಂಗಳು ಬಿಟ್ಟು ಹಾಕಿದರೂ ಅದೇ ಮಾತಿನಿಂದ ಮುಂದುವರಿಯುತ್ತಿತ್ತು. ಈ ಡಬ್ಬಿಯೋ, ಆರಿಸಿ ಹೊತ್ತಿಸಿದರೆ ಫೈಲಿನ ಮೊದಲಿಗೆ ಓಡುತ್ತದೆ. ಕಣ್ಣಿದ್ದವರು ಮುಂದಕ್ಕೆ ಸರಿಸಿಕೊಂಡಾರು. ಇಲ್ಲದವರು ಮೂರು ಗಂಟೆಯ ಕಥೆಯನ್ನು ಮತ್ತೆ ಮೊದಲಿನಿಂದ ಕೇಳಬೇಕು. ಆದ್ದರಿಂದ ಹದಿನೈದು ನಿಮಿಷದ ತುಂಡುಗಳು; ಪ್ರತಿಯೊಂದರ ತಲೆಯಲ್ಲಿ “ಮಹಾರಾಯ, ಹನ್ನೆರಡನೆಯ ಕಂತು” ಎಂದು ಒಬ್ಬ ಹುಡುಗಿಯ ಘೋಷಣೆ. ಮಾವ ಸಂಖ್ಯೆಯನ್ನು ನೆನಪಿಡುತ್ತಾರೆ. ಯಂತ್ರ ಮರೆತದ್ದನ್ನು ಮನುಷ್ಯ ನೆನೆಯುವಂತೆ ಅನುವು ಮಾಡಿಕೊಡುವುದೇ ಈ ಭಾಷಾಂತರದ ಸಾರವೆಂದು ನನಗೆ ತೋರಿತು. ಎಂಪಿ3 ಮಾಡುವುದು ಕಂಪ್ಯೂಟರಿನ ಕೆಲಸ. ಯಾರಿಗಾಗಿ ಮಾಡುತ್ತಿದ್ದೇವೆಂದು ತಿಳಿಯುವುದು ನಮ್ಮದು.

ಹೊಗೆಸೊಪ್ಪಿನ ಕಾಲ ಬಂದಾಗ ಬ್ಯಾರನ್ನಿಗೆ ಹೋಗಿದ್ದೆ. ಮಾವ ಕಂತುಗಳಿಂದಲೇ ಹೊತ್ತನ್ನು ಅಳೆಯುತ್ತಿದ್ದರು. ಎರಡು ಕಂತಿಗೊಮ್ಮೆ ಎದ್ದು ಒಲೆಗೆ ಸೌದೆ. ಧ್ವನಿ ಕೇಳಿ ಊರು ಹೇಳುವ ಆಟವೂ ಹುಟ್ಟಿಕೊಂಡಿತ್ತು. “ಈ ಮಗು ಕೆ.ಆರ್. ನಗರದ ಕಡೇದು, ಗದ್ದೆ ಸೀಮೆ ಮಾತು. ಆ ಹುಡುಗ ಕೋಟೆಯವನು.” ಎರಡೂ ಸರಿಯಾಗಿತ್ತು. ಒಬ್ಬ ಹುಡುಗ ‘ಹಾಲು’ ಎಂಬಲ್ಲಿ ‘ಆಲು’ ಎಂದಿದ್ದ. ಅದನ್ನು ಮತ್ತೆ ಓದಿಸುತ್ತೇನೆಂದೆ. ಮಾವ ಒಪ್ಪಲಿಲ್ಲ. “ಇರ್ಲಿ ಬಿಡೋ, ನಮ್ಮನೇ ಹುಡುಗ ಪಕ್ಕದಲ್ಲಿ ಕುಂತು ಓದ್ದಂಗೈತೆ.” ಹಕಾರದ ಪರವಾಗಿ ಹತ್ತು ವರ್ಷ ಹೋರಾಡಿದ ನಾನು ಆ ರಾತ್ರಿ ಶಸ್ತ್ರ ಕೆಳಗಿಟ್ಟೆ.

ಬೆಳಗಿನ ಜಾವ ಹೊರಟಾಗ ಅವರದೊಂದು ಬೇಡಿಕೆ. “ಕಂತು ಕಡಿಯೋದು ಗಡಿಯಾರ ನೋಡ್ಕೊಂಡಲ್ಲ ಕಣೋ. ಪತ್ರಿಕೆಯೋರು ಕಡೀತಿದ್ರಲ್ಲ, ಬಾಗಿಲು ಬಡಿದ ಸದ್ದಾಯ್ತು ಅನ್ನೋವಾಗ, ಅಂಗೆ ಕಡೀಬೇಕು. ಆವಾಗ ನಿದ್ದೆ ಬರಾಕಿಲ್ಲ.”

ನನ್ನ ವಿದ್ಯಾರ್ಥಿಗಳು ಈಗ ಗಲಗನಾಥರ ಕಾದಂಬರಿಯೊಂದನ್ನು ಓದುತ್ತಿದ್ದಾರೆ. ಬಾಗಿಲು ಬಡಿಯುವ ಸ್ಥಳಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುವ ಕೆಲಸ ನನ್ನದು.