ಬಾಗಿಲ ಬದಿಯ ಬಿರುಕು

ಲೆದರ್ ಸೀಟಿನ, ಐದಾರು ವರ್ಷ ಚೆನ್ನಾಗಿ ಓಡಿದ ಕಾರೊಂದರ ಡ್ರೈವರ್ ಬಾಗಿಲು ತೆಗೆದು ಸೀಟಿನ ಬಲ ಅಂಚನ್ನು ನೋಡಿ. ತೊಡೆಗೆ ಆಸರೆಯಾಗಲೆಂದು ಉಬ್ಬಿಸಿ ಹೊಲಿದ ದಿಂಡು ಅಲ್ಲಿರುತ್ತದೆ. ಅದರ ನೆತ್ತಿಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಒಂದು ಹೊಳಪು. ಚರ್ಮದ ತರಿತರಿಯಾದ ಮೈ ಅಳಿಸಿ, ಯಾರೋ ಎಣ್ಣೆ ಸವರಿದಂತೆ ಮಿನುಗುತ್ತದೆ. ಆಮೇಲೆ ಅಲ್ಲಿ ಕೂದಲೆಳೆಯಂಥ ಗೆರೆಗಳ ಬಲೆ ಮೂಡುತ್ತದೆ. ಕೊನೆಗೆ ಬಣ್ಣ ಎದ್ದು ಒಳಗಿನ ಬೂದು ನಾರು ಇಣುಕುತ್ತದೆ. ಈಗ ಅದೇ ಕಾರಿನ ಹಿಂದಿನ ಬಾಗಿಲು ತೆಗೆಯಿರಿ. ಅದೇ ಚರ್ಮ, ಅದೇ ವಯಸ್ಸು, ಅದೇ ಬಿಸಿಲು. ಆದರೆ ಸೀಟು ಬಹಳಮಟ್ಟಿಗೆ ಹೊಸದರ ಹಾಗೇ ಇರುತ್ತದೆ. ಸೀಟು ಬಿರಿದಾಗ ನಾವೆಲ್ಲ ಹೇಳುವ ಮಾತು ಒಂದೇ: ಚರ್ಮ ಒಣಗಿತು, ಎಣ್ಣೆ ಕಾಣಿಸಬೇಕಿತ್ತು. ಒಣಗುವುದೇ ಕಾರಣವಾಗಿದ್ದರೆ ಇಡೀ ಕಾರು ಒಟ್ಟಿಗೆ ಒಣಗಬೇಕಿತ್ತಲ್ಲ? ಮನುಷ್ಯ ಹತ್ತಿ ಇಳಿಯುವ ಆ ಒಂದು ಗೇಣು ಜಾಗವೇ ಯಾಕೆ ಮೊದಲು ಸೋಲುತ್ತದೆ? ಲೆದರ್ ಸೀಟಿನ ಆರೈಕೆಯ ಬಗ್ಗೆ ನಾನು ಹೇಳಬೇಕೆಂದಿರುವುದೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಿದ್ದು. ಸೀಟು ಕೇಳುತ್ತಿರುವುದು ಎಣ್ಣೆಯನ್ನಲ್ಲ, ಸ್ನಾನವನ್ನು.

ಇದು ಯಾಕೆಂದು ತಿಳಿಯಲು ಚರ್ಮದ ಒಳಗೆ ಸ್ವಲ್ಪ ಇಳಿಯಬೇಕು. ತೊಗಲೆಂಬುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಂಡ ಬಟ್ಟೆ. ಆ ಎಳೆ ಮೂರು ಸರಗಳ ಹುರಿ ಎಂದು 1950ರ ದಶಕದ ನಡುವಿನಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ತೋರಿಸಿಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಬಳಿ ಕಲಿತ ರಾಮಚಂದ್ರನ್ ಮುಂದೆ ಅಲ್ಲಿಗೇ ಮರಳಿದರು. ನಮ್ಮ ಹಗ್ಗ ಹೊಸೆಯುವವರು ಮೂರೆಳೆಯನ್ನು ಕೂಡಿಸಿ ತಿರುಚುವ ಹಾಗೆಯೇ ಪ್ರಕೃತಿ ಚರ್ಮವನ್ನು ಹೊಸೆದಿದೆ ಎಂಬುದು ನನಗೆ ಎಷ್ಟು ಸಲ ನೆನೆದರೂ ಸಾಕಾಗದ ಸಂಗತಿ. ಹಸಿ ತೊಗಲು ಕೊಳೆಯದಂತೆ ಈ ಹುರಿಗಳನ್ನು ಒಂದಕ್ಕೊಂದು ಕಟ್ಟಿಹಾಕುವುದೇ ಹದ. ಹಿಂದೆ ಆ ಕೆಲಸವನ್ನು ಮರದ ತೊಗಟೆಯ ಒಗರು ಮಾಡುತ್ತಿತ್ತು. 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಉಪ್ಪಿನ ಹದಕ್ಕೆ ಪೇಟೆಂಟ್ ಪಡೆದ ಮೇಲೆ ಲೋಕದ ಹೆಚ್ಚಿನ ಚರ್ಮ ಆ ದಾರಿ ಹಿಡಿಯಿತು. ಹದವಾದ ಮೇಲೆ ಎಳೆಗಳು ಒಂದಕ್ಕೊಂದು ಅಂಟಿ ಗಡುಸಾಗದಿರಲು ಪೀಪಾಯಿಯಲ್ಲೇ ಅದಕ್ಕೆ ಎಣ್ಣೆಯಂಶ ಉಣಿಸುತ್ತಾರೆ. ಬಳಿಕ ಬಣ್ಣ, ಅದರ ಮೇಲೆ ಪಾಲಿಯುರೆಥೇನಿನ ಲೇಪ. ಸೀಟಿನ ಚರ್ಮ ಒಂದು ಮಿಲಿಮೀಟರಿಗಿಂತ ತುಸು ದಪ್ಪ. ಲೇಪವಂತೂ ನಾವು ಬರೆಯುವ ಕಾಗದಕ್ಕಿಂತ ತೆಳು. ಇಂದಿನ ಬಹುಪಾಲು ಕಾರುಗಳಲ್ಲಿ ನಮ್ಮ ಕೈಗೆ ತಾಗುವುದು ಈ ಲೇಪವೇ. ಮೊದಲು ಬಿರಿಯುವುದೂ ಅದೇ.

ಲೇಪವನ್ನು ಬಿರಿಸುವುದು ಯಾವುದೆಂದು ಬಾಗಿಲ ಬದಿಯ ದಿಂಡೇ ಹೇಳುತ್ತದೆ. ದಿನಕ್ಕೆ ನಾಲ್ಕು ಸಲ ಹತ್ತಿಳಿದರೂ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಆ ಅಂಚಿನ ಮೇಲೆ ಮೈಭಾರ ಉಜ್ಜಿಕೊಂಡು ಜಾರುತ್ತದೆ. ಒಳಗಿನ ಸ್ಪಂಜು ಕುಸಿದು ಚರ್ಮ ಒಂದೇ ಗೆರೆಯಲ್ಲಿ ಮಡಚುತ್ತದೆ. ಜೀನ್ಸಿನ ದಪ್ಪ ಹೊಲಿಗೆ ಅರದ ಕೆಲಸ ಮಾಡುತ್ತದೆ. ಇವೆಲ್ಲಕ್ಕೂ ನೆರವಾಗಿ ನಿಲ್ಲುವುದು ಧೂಳು. ನಮ್ಮ ರಸ್ತೆಗಳ ಧೂಳಿನಲ್ಲಿ ನುಣ್ಣನೆಯ ಮರಳಿನ ಹುಡಿ ಇರುತ್ತದೆ. ಬೆವರು ಮತ್ತು ಮೈಜಿಡ್ಡಿನ ಜತೆ ಸೇರಿದರೆ ಅದು ಮರಳು ಕಾಗದಕ್ಕೆ ಸಮ. ಚರ್ಮ ತಯಾರಿಸುವವರಿಗೂ ಇದು ಗೊತ್ತು. ಅವರ ಪರೀಕ್ಷೆಗಳಲ್ಲಿ ಒಂದು, ಕೃತಕ ಬೆವರಿನಲ್ಲಿ ನೆನೆಸಿದ ಉಣ್ಣೆಯ ತುಂಡಿನಿಂದ ಚರ್ಮವನ್ನು ಮತ್ತೆ ಮತ್ತೆ ಉಜ್ಜುವುದು. ಇನ್ನೊಂದು, ಯಂತ್ರಕ್ಕೆ ಸಿಕ್ಕಿಸಿ ಸಾವಿರಾರು ಸಲ ಮಡಿಸಿ ಬಿಡಿಸುವುದು. ಎಣ್ಣೆ ಲೇಪಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ಪ್ರಯೋಗಾಲಯಕ್ಕೂ ಹೋಗಬೇಕಾಗಿಲ್ಲ. ತಲೆಗೆ ದಿನಾ ಎಣ್ಣೆ ಹಚ್ಚುವವರು ಒರಗುವ ಹೆಡ್‌ರೆಸ್ಟನ್ನು ಮುಟ್ಟಿ ನೋಡಿದರೆ ಸಾಕು. ಇಡೀ ಸೀಟಿನಲ್ಲಿ ಅತಿ ಹೆಚ್ಚು ಎಣ್ಣೆ ಕಂಡ ಜಾಗ ಅದು. ಎಣ್ಣೆಯೇ ಮದ್ದಾಗಿದ್ದರೆ ಅದೇ ಎಲ್ಲಕ್ಕಿಂತ ಚೆನ್ನಾಗಿರಬೇಕಿತ್ತು. ಆದರೆ ಅಲ್ಲಿ ಲೇಪ ಮೆತ್ತಗಾಗಿ, ಬೆರಳಿಗೆ ಅಂಟಿ, ಕಪ್ಪು ತಿರುಗಿರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪಕ್ಕೆ ನನಗೆ ತುಂಬ ಗೌರವವಿದೆ, ಏಕೆಂದರೆ ಅದು ತಲೆಮಾರುಗಳ ಅನುಭವದಿಂದ ಬಂದದ್ದು. ಅಥಣಿಯ ಚಪ್ಪಲಿಗೆ ಎಣ್ಣೆ ಸವರುತ್ತೇವೆ, ಎತ್ತಿನ ಗಾಡಿಯ ಬಾರುಕೋಲಿಗೆ ಎಣ್ಣೆ ತಿಕ್ಕುತ್ತಿದ್ದರು. ಚರ್ಮ ಚರ್ಮವೇ ತಾನೆ? ಮಾತು ನಿಜ, ಆದರೆ ಆ ಚರ್ಮ ಬೇರೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಕುಶಲಕರ್ಮಿಗಳೂ ಸೇರಿ 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ಚರ್ಮ ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದವಾದದ್ದು. ಅದರ ಮೈಮೇಲೆ ಪಾಲಿಯುರೆಥೇನ್ ಇಲ್ಲ, ರಂಧ್ರಗಳು ಬಾಯಿ ತೆರೆದಿವೆ. ಎಣ್ಣೆ ಸವರಿದರೆ ಕುಡಿಯುತ್ತದೆ, ಮೆತ್ತಗಾಗುತ್ತದೆ, ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹಳೆಯ ಇಂಗ್ಲಿಷ್ ಕಾರುಗಳ ಕಾಲದಲ್ಲಿ ರೋಲ್ಸ್ ರಾಯ್ಸ್‌ಗೆ ಚರ್ಮ ಒದಗಿಸುತ್ತಿದ್ದ ಕಾನಲಿ ಎಂಬ ಸಂಸ್ಥೆ ಸೀಟಿಗೆ ಹಚ್ಚುವ ಮುಲಾಮನ್ನು ‘ಹೈಡ್ ಫುಡ್’, ಅಂದರೆ ಚರ್ಮದ ಆಹಾರ ಎಂದೇ ಕರೆದು ಮಾರುತ್ತಿತ್ತು. ಸೀಟಿಗೆ ಉಣಿಸಬೇಕೆಂಬ ಭಾವನೆ ಬೇರೂರಲು ಇಂಥ ಹೆಸರುಗಳೂ ಕಾರಣವಾಗಿರಬೇಕು. ನಿಮ್ಮ ಸೀಟು ಯಾವ ಜಾತಿಯದೆಂದು ತಿಳಿಯಲು ಮರೆಯಾದೊಂದು ಮೂಲೆಗೆ ಒಂದು ಹನಿ ನೀರು ಬಿಡಿ. ಹೀರಿಕೊಂಡು ಕಪ್ಪಾದರೆ ಅದು ಬರಿಮೈ ಚರ್ಮ, ಮುಲಾಮು ಅದಕ್ಕೆ ಸಲ್ಲುತ್ತದೆ. ಕೆಸುವಿನೆಲೆಯ ಮೇಲೆ ನಿಂತಂತೆ ನಿಂತರೆ ಲೇಪವಿದೆ. ನೀರನ್ನೇ ಒಳಗೆ ಬಿಡದ ಲೇಪ ತೆಂಗಿನೆಣ್ಣೆಯನ್ನು ಬಿಟ್ಟೀತೆ? ಮೇಲೆಯೇ ಉಳಿದ ಎಣ್ಣೆ ಮರುದಿನದ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ನೀರಿನ ಅಂಶದ ಕಂಡೀಷನರ್‌ಗಳು ಉಜ್ಜಾಟವನ್ನು ಒಂದಿಷ್ಟು ತಗ್ಗಿಸುತ್ತವೆ, ಕಲೆ ಹಿಡಿಯುವುದನ್ನು ತಡೆಯುತ್ತವೆ. ತೊಳೆದ ಮೇಲೆ ತೆಳ್ಳಗೆ ಹಚ್ಚುವುದಕ್ಕೆ ನನ್ನ ತಕರಾರಿಲ್ಲ. ತೊಳೆಯದೆ ಹಚ್ಚುವುದೆಂದರೆ ಮಾತ್ರ ಕೊಳೆಯನ್ನು ಒಳಗಿಟ್ಟು ಮುಚ್ಚಳ ಹಾಕಿದಂತೆ.

ಹಾಗಾದರೆ ಬಿಸಿಲು ಏನೂ ಮಾಡುವುದಿಲ್ಲವೇ? ಮಾಡುತ್ತದೆ, ಕಲಬುರಗಿ ರಾಯಚೂರಿನ ಏಪ್ರಿಲ್ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಅರಿಝೋನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಳತೆಯೊಂದರಲ್ಲಿ, 38 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿಗೂ ಸೀಟು 51 ಡಿಗ್ರಿಗೂ ಕಾದಿದ್ದವು. ಕ್ರೋಮ್ ಹದದ ಎಳೆ ಇದಕ್ಕೆ ಅಂಜುವುದಿಲ್ಲ. ಅದು ಕುದಿಯುವ ನೀರಿನ ಹತ್ತಿರದ ಶಾಖವನ್ನೂ ತಾಳುತ್ತದೆ. ಬಳಲುವುದು ಲೇಪ ಮತ್ತು ಬಣ್ಣ. ಮುಂದಿನ ಗಾಜು ಎರಡು ಪದರದ್ದಾದ್ದರಿಂದ ಅತಿನೇರಳೆ ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ, ಪಕ್ಕದ ಗಾಜು ಅಷ್ಟು ತಡೆಯುವುದಿಲ್ಲ. ಆದರೆ ಬಾಟಲಿಯಲ್ಲಿ ಬರುವ ಯಾವ ದ್ರವವೂ ಇದಕ್ಕೆ ಮದ್ದಲ್ಲ. ಹೊಂಗೆ ಮರದ ನೆರಳು ಸಿಕ್ಕರೆ ಅಲ್ಲಿ ನಿಲ್ಲಿಸಿ. ಸಿಗದಿದ್ದರೆ ಗಾಜಿಗೆ ಮರೆ ಹಿಡಿಸಿ.

ಕವರ್ ಹಾಕಿಬಿಟ್ಟರೆ ಗಲಾಟೆಯೇ ಇಲ್ಲ ಎನ್ನುವವರಿದ್ದಾರೆ. ಕವರಿನಡಿ ಸೇರಿದ ಧೂಳು ಹೊರಗೆ ಬರುವುದಿಲ್ಲ, ಕೂತೆದ್ದಾಗಲೆಲ್ಲ ಚರ್ಮವನ್ನು ಕೆರೆಯುತ್ತಲೇ ಇರುತ್ತದೆ. ಮಂಗಳೂರು, ಆಗುಂಬೆಯ ಕಡೆ ಜೂನ್ ಬಂತೆಂದರೆ ಅದರಡಿ ಬೂಷ್ಟು ಹಿಡಿಯುತ್ತದೆ. ಸೀಟಿನ ಪಕ್ಕದಿಂದ ಬಿಚ್ಚಿಕೊಳ್ಳುವ ಏರ್‌ಬ್ಯಾಗಿಗೂ ಬಿಗಿ ಕವರ್ ಅಡ್ಡಿಯಾಗಬಹುದು. ಇನ್ನು ಕೆಲವರ ಮಾತು: ನಮ್ಮದು ಬರೀ ರೆಕ್ಸಿನ್, ಅದಕ್ಕೆಂಥ ಆರೈಕೆ? ಇದು ನನ್ನ ವಾದವನ್ನು ಇನ್ನಷ್ಟು ಗಟ್ಟಿ ಮಾಡುವ ಮಾತು. ಲೆದರ್ ಎಂದು ಮಾರುವ ಕಾರುಗಳಲ್ಲೂ ಅನೇಕ ವೇಳೆ ಮೈ ತಾಗುವ ಭಾಗ ಮಾತ್ರ ಚರ್ಮ, ಪಕ್ಕ ಮತ್ತು ಬೆನ್ನು ರೆಕ್ಸಿನ್. ರೆಕ್ಸಿನ್ನಿಗೆ ಕುಡಿಸಲು ಎಳೆಯೇ ಇಲ್ಲ. ಆದರೂ ಅದು ಬಿರಿಯುವುದು ಅದೇ ದಿಂಡಿನ ಮೇಲೆ.

ಹಾಗಾಗಿ ಮೊದಲ ಆರೈಕೆ ಕೂರುವ ರೀತಿಯಲ್ಲೇ ಇದೆ. ದಿಂಡಿನ ಮೇಲೆ ಜಾರಿ ಒಳಗೆ ಹೋಗದೆ, ಮೈಯನ್ನು ಸೀಟಿನ ನಡುವಿಗೆ ಇಳಿಸಿ ಆಮೇಲೆ ಕಾಲು ಒಳಗೆಳೆದುಕೊಳ್ಳುವುದು. ಕೈಗೆ ಹಚ್ಚಿದ ಸ್ಯಾನಿಟೈಸರ್ ಆರುವ ತನಕ ಸೀಟು ಮುಟ್ಟದಿರುವುದು. ಎರಡು ಮೂರು ತಿಂಗಳಿಗೊಮ್ಮೆ ಸ್ನಾನ. ಆ ಒಂದು ಗಂಟೆಯ ಕೆಲಸದ ಮೇಲೆ ನನಗಿರುವ ಪ್ರೀತಿಯನ್ನು ಮುಚ್ಚಿಡಲಾರೆ. ವ್ಯಾಕ್ಯೂಮಿನಿಂದ ಹೊಲಿಗೆ ಸಂದಿಯ ಮರಳನ್ನು ಮೊದಲು ತೆಗೆಯಬೇಕು, ಇಲ್ಲವಾದರೆ ಉಜ್ಜುವಾಗ ಅದೇ ಗೀರುತ್ತದೆ. ಹದವಾದ ಚರ್ಮ ತುಸು ಆಮ್ಲ ಗುಣದ್ದು, ಬಟ್ಟೆ ಸೋಪು ಕ್ಷಾರ, ಎರಡಕ್ಕೂ ಆಗಿಬರುವುದಿಲ್ಲ. ಲೆದರಿಗೆಂದೇ ಮಾಡಿದ ಸೌಮ್ಯ ಕ್ಲೀನರ್ ಸಾಕು. ಅದನ್ನು ಸೀಟಿನ ಮೇಲೆ ಸುರಿಯದೆ ಮೆತ್ತನೆಯ ಕೂದಲಿನ ಬ್ರಷ್ಷಿಗೆ ಹಾಕಿ ನೊರೆ ಎಬ್ಬಿಸಬೇಕು, ಸೀಟಿನಲ್ಲಿ ಸಣ್ಣ ತೂತುಗಳಿದ್ದರಂತೂ ಇನ್ನೂ ಜಾಗ್ರತೆ. ಅಂಗೈಯಗಲದ ಜಾಗವನ್ನು ಆರಿಸಿಕೊಂಡು, ಒತ್ತಡ ಹಾಕದೆ, ಸುತ್ತು ಸುತ್ತಾಗಿ ಆಡಿಸಿದರೆ ತರಿಗಳ ನಡುವಿನ ಕೊಳೆ ಸಡಿಲವಾಗಿ ಬೆಳ್ಳನೆಯ ನೊರೆ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಜೀನ್ಸಿನ ನೀಲಿ ಇದ್ದರೆ ಅದೂ ಸ್ವಲ್ಪ ಬಿಟ್ಟುಕೊಡುತ್ತದೆ. ಒದ್ದೆ ಹಿಂಡಿದ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬಿಳಿಯಾಗಿಯೇ ಬರುವ ತನಕ ಅದೇ ಜಾಗದಲ್ಲಿ ನಿಲ್ಲಬೇಕು. ಆರಿದ ಮೇಲೆ ದಿಂಡಿನ ಹೊಳಪು ಹೋಗಿ ಮೈ ಮಂಕಾಗಿ ಕಾಣುತ್ತದೆ. ಕೆಲವರು ಗಾಬರಿಯಾಗಿ ಪಾಲಿಷಿಗೆ ಕೈ ಹಾಕುವುದು ಈಗಲೇ. ಆದರೆ ಕಾರ್ಖಾನೆಯಿಂದ ಬಂದ ದಿನ ಸೀಟು ಹೀಗೇ ಮಂಕಾಗಿತ್ತು. ಇಷ್ಟು ದಿನ ಮಿನುಗುತ್ತಿದ್ದದ್ದು ಜಿಡ್ಡು. ಬೆರಳ ತುದಿ ಆಡಿಸಿದರೆ ತರಿಗಳು ಮತ್ತೆ ಒಂದೊಂದಾಗಿ ತಾಗುತ್ತವೆ.