ನಾಯಿಗಳ ಗುಹೆ

ಇಟಲಿಯ ನೇಪಲ್ಸ್ ನಗರಕ್ಕೆ ಹೋದವರ ಕಣ್ಣು ಮೊದಲು ಅರಸುವುದು ವೆಸೂವಿಯಸ್ ಪರ್ವತವನ್ನು. ಕ್ರಿ.ಶ. 79ರಲ್ಲಿ ಪಾಂಪೇ ಪಟ್ಟಣವನ್ನು ಬೂದಿಯಲ್ಲಿ ಹುಗಿದ ಆ ಪರ್ವತ ಲೋಕವಿಖ್ಯಾತವಾದುದು. ಆದರೆ ನಗರದ ಪಶ್ಚಿಮಕ್ಕೆ, ಪೊಜ್ಜುವೋಲಿ ಎಂಬ ಕಡಲತೀರದ ಊರಿನ ಸುತ್ತ, ಇನ್ನೊಂದು ಜ್ವಾಲಾಮುಖಿ ಪ್ರದೇಶವುಂಟು. ಅದರ ಹೆಸರು ಕಾಂಪಿ ಫ್ಲೆಗ್ರೇಯ್. ಉರಿಯುವ ಬಯಲು ಎಂದು ಅರ್ಥ. ಇಲ್ಲಿ ಮುಗಿಲು ಮುಟ್ಟುವ ಶಿಖರವಿಲ್ಲ. ಮನೆ, ರಸ್ತೆ, ತೋಟಗಳ ನಡುವೆ ಹರಡಿಕೊಂಡಿರುವ ಕುಳಿಗಳಿವೆ. ನೆಲವೇ ಕಾಲಕಾಲಕ್ಕೆ ಏರುತ್ತದೆ, ಇಳಿಯುತ್ತದೆ. ಪೊಜ್ಜುವೋಲಿಯ ರೋಮನ್ ಮಾರುಕಟ್ಟೆಯ ಅಮೃತಶಿಲೆಯ ಕಂಬಗಳ ಮೇಲೆ, ಆಳೆತ್ತರಕ್ಕೂ ಮಿಗಿಲಾದ ಕಡೆಯಲ್ಲಿ, ಕಡಲ ಚಿಪ್ಪುಜೀವಿಗಳು ಕೊರೆದ ತೂತುಗಳನ್ನು ಇಂದಿಗೂ ಕಾಣಬಹುದು.

ಈ ಬಯಲಿನ ಪೂರ್ವಭಾಗದಲ್ಲಿ ಅಗ್ನಾನೋ ಎಂಬ ಕುಳಿ. ಅದರ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ, ಒಂದು ಪುಟ್ಟ ಗುಹೆ. ನೋಡಲು ಏನೇನೂ ವಿಶೇಷವಿಲ್ಲ. ಆದರೂ ಶತಮಾನಗಳ ಕಾಲ ಯುರೋಪಿನ ಯಾತ್ರಿಕರು ಅದನ್ನು ಹುಡುಕಿಕೊಂಡು ಬರುತ್ತಿದ್ದರು. ಅದಕ್ಕೆ ಗ್ರೊಟ್ಟಾ ದೆಲ್ ಕಾನೆ, ಅಂದರೆ ನಾಯಿಯ ಗುಹೆ, ಎಂದು ಹೆಸರು.

ಹೆಸರು ಬಂದ ಕಥೆ ಕರುಣಾಜನಕವಾದುದು. ಯಾತ್ರಿಕರು ಬಂದೊಡನೆ ಕಾವಲುಗಾರನು ಬಡ ನಾಯಿಯೊಂದನ್ನು ಗುಹೆಯೊಳಕ್ಕೆ ಎಳೆದೊಯ್ಯುತ್ತಿದ್ದನು. ಅವನು ನೆಟ್ಟಗೆ ನಿಂತಿರುತ್ತಿದ್ದನು; ಅವನಿಗೆ ಏನೂ ಆಗುತ್ತಿರಲಿಲ್ಲ. ಅವನ ಕಾಲ ಬಳಿಯಿದ್ದ ನಾಯಿ ಮಾತ್ರ ಸ್ವಲ್ಪ ಹೊತ್ತಿನಲ್ಲಿ ಒದ್ದಾಡಿ, ಸತ್ತಂತೆ ಬಿದ್ದುಬಿಡುತ್ತಿತ್ತು. ಉರಿಯುವ ಪಂಜನ್ನು ಕೆಳಕ್ಕಿಳಿಸಿದರೆ, ನೀರಿನಲ್ಲಿ ಅದ್ದಿದಂತೆ ನಂದಿಹೋಗುತ್ತಿತ್ತು. ಬಳಿಕ ನಾಯಿಯನ್ನು ಹೊರತಂದು ಪಕ್ಕದ ಅಗ್ನಾನೋ ಸರೋವರಕ್ಕೆ ಎಸೆಯುತ್ತಿದ್ದರು. ಅದು ಚೇತರಿಸಿಕೊಂಡು ಏಳುತ್ತಿತ್ತು. ಎಲ್ಲ ನಾಯಿಗಳಿಗೂ ಆ ಭಾಗ್ಯವಿರಲಿಲ್ಲ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಈ ಪ್ರಯೋಗವನ್ನು ತಾನೇ ಮಾಡಬೇಕೆಂದು ಉತ್ಸಾಹದಿಂದ ಹೋಗಿ, ಗುಹೆಯನ್ನು ಮುಟ್ಟಿದ ಮೇಲೆ ನಾಯಿಯೇ ಇಲ್ಲವೆಂದು ಕಂಡುಕೊಂಡುದನ್ನು 1869ರ ತನ್ನ ಪ್ರವಾಸಗ್ರಂಥದಲ್ಲಿ ಹಾಸ್ಯವಾಗಿ ಬರೆದಿದ್ದಾನೆ. 1870ರಲ್ಲಿ ಸರೋವರವನ್ನು ಬತ್ತಿಸಿದರು. ಆ ಕ್ರೂರ ಪ್ರದರ್ಶನವೂ ನಿಂತು ಬಹುಕಾಲವಾಯಿತು.

ನಾಯಿಯನ್ನು ಬದುಕಿಸುತ್ತಿದ್ದುದು ಸರೋವರದ ನೀರಲ್ಲ, ಹೊರಗಿನ ಗಾಳಿ. ಗುಹೆಯ ತಳದಲ್ಲಿ ಭೂಗರ್ಭದಿಂದ ಒಸರುವ ಇಂಗಾಲದ ಡೈಆಕ್ಸೈಡ್ ಅನಿಲ ಕೊಳದಂತೆ ನಿಂತಿರುತ್ತದೆ. ಅದು ಗಾಳಿಗಿಂತ ಸುಮಾರು ಒಂದೂವರೆಪಟ್ಟು ಭಾರ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಂದಲೂ ಅದನ್ನು ಗುರುತಿಸಲಾಗದು. ನಿಂತ ಮನುಷ್ಯನ ಮೂಗು ಆ ಕೊಳದಿಂದ ಮೇಲಿತ್ತು. ನಾಯಿಯ ಮೂಗು ಅದರಲ್ಲಿ ಮುಳುಗಿತ್ತು. ಭೇದ ಅಷ್ಟೆ.

ನೇಪಲ್ಸಿನ ಗುಹೆಗೂ ದೂರದ ಊರುಗಳ ಗೃಹಸ್ಥರಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವುಂಟು. ಐಸ್ ಕ್ರೀಮ್, ಮೀನು, ಔಷಧಿ, ಲಸಿಕೆಗಳನ್ನು ಕೆಡದಂತೆ ಸಾಗಿಸಲು ಬಳಸುವ ಡ್ರೈ ಐಸ್ ಎಂಬ ಒಣ ಮಂಜುಗಡ್ಡೆ, ಇದೇ ಅನಿಲದ ಘನರೂಪ. ಅದರ ಶೈತ್ಯ ಸೊನ್ನೆಗಿಂತ 78.5 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದು ಕರಗಿ ನೀರಾಗುವುದಿಲ್ಲ; ನೇರವಾಗಿ ಅನಿಲವಾಗುತ್ತದೆ. ಒಂದು ಕಿಲೋಗ್ರಾಮಿನಿಂದ ಹೊರಡುವ ಅನಿಲ 500 ಲೀಟರಿಗೂ ಹೆಚ್ಚು. ಒಂದು ಸಾಧಾರಣ ಕಾರಿನ ಒಳಗಿನ ಜಾಗ ಸುಮಾರು 3,000 ಲೀಟರೆಂದು ಇಟ್ಟುಕೊಂಡರೆ, ಒಂದೇ ಕಿಲೋ ಅದರ ಆರನೆಯ ಒಂದು ಪಾಲಿಗೆ ಸಮನಾಯಿತು. ಹೊರಗಿನ ಗಾಳಿಯಲ್ಲಿ ಈ ಅನಿಲದ ಪ್ರಮಾಣ ಶೇಕಡಾ 0.04ರಷ್ಟು ಮಾತ್ರ. ಶೇಕಡಾ 4 ಆದರೆ ಪ್ರಾಣಕ್ಕೇ ಅಪಾಯ. 10 ಆದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

2018ರ ಜುಲೈ ತಿಂಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇದೇ ನಡೆಯಿತು. ಐಸ್ ಕ್ರೀಮ್ ಮಾರುವವನೊಬ್ಬನ ಕಾರಿನಲ್ಲಿ ಡ್ರೈ ಐಸ್ ತುಂಬಿದ ತಂಪು ಪೆಟ್ಟಿಗೆಗಳಿದ್ದವು. ಅವನ ಪತ್ನಿ ಅದೇ ಕಾರಿನಲ್ಲಿ ಅತ್ತೆಯನ್ನು ಮನೆಗೆ ಬಿಟ್ಟುಬರಲು ಹೊರಟಳು. ದಾರಿಯಲ್ಲಿಯೇ ಇಬ್ಬರಿಗೂ ಪ್ರಜ್ಞೆ ತಪ್ಪಿತು. ಅತ್ತೆ ತೀರಿಕೊಂಡರು, ಸೊಸೆಯನ್ನು ವಿಷಮ ಸ್ಥಿತಿಯಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಗುಹೆಯಲ್ಲಿ ಅನಿಲ ನೆಲದ ಮೇಲೆ ನಿಶ್ಚಲವಾಗಿತ್ತು, ಎತ್ತರವಿದ್ದವನು ಉಳಿದನು. ಚಲಿಸುವ ಕಾರಿನಲ್ಲಿ ಗಾಳಿ ಕಲಕುತ್ತಿರುವುದರಿಂದ ಎತ್ತರವೂ ರಕ್ಷಿಸದು. ಹವಾನಿಯಂತ್ರಣ ಯಂತ್ರ ಒಳಗಿನ ಗಾಳಿಯನ್ನೇ ಸುತ್ತಿಸುತ್ತಿದ್ದರೆ ಗಂಡಾಂತರ ಇನ್ನೂ ಹೆಚ್ಚು.

ಇದರಿಂದಲೇ ಪ್ರಯಾಣಿಕರ ವಿಮಾನಗಳಲ್ಲಿ ಒಬ್ಬರಿಗೆ 2.5 ಕಿಲೋಗ್ರಾಮಿನ ಮಿತಿಯುಂಟು; ಅದೂ ವಿಮಾನಸಂಸ್ಥೆಯ ಒಪ್ಪಿಗೆ ಪಡೆದು, ಅನಿಲ ಹೊರಹೋಗಲು ದಾರಿಯುಳ್ಳ ಪೆಟ್ಟಿಗೆಯಲ್ಲಿ. ಬಿಗಿಯಾಗಿ ಮುಚ್ಚಿದ ಪಾತ್ರೆ ಒತ್ತಡಕ್ಕೆ ಸಿಡಿಯುತ್ತದೆ. ಸಡಿಲವಾಗಿ ಮುಚ್ಚಿದ್ದು ಅನಿಲವನ್ನು ಹೊರಬಿಡುತ್ತದೆ. ಆದುದರಿಂದ ಪೆಟ್ಟಿಗೆಯನ್ನು ಜನ ಕೂಡುವ ಕಡೆ ಇಡದೆ, ತೆರೆದ ವಾಹನದಲ್ಲಿ ಸಾಗಿಸುವುದು ಲೇಸು. ಬೇರೆ ದಾರಿಯಿಲ್ಲದಿದ್ದರೆ ಕಿಟಕಿಗಳನ್ನು ತೆರೆದಿಡಬೇಕು. ಪ್ರಯಾಣ ಮುಗಿದೊಡನೆ ಪೆಟ್ಟಿಗೆಯನ್ನು ಕೆಳಗಿಳಿಸಬೇಕು. ಮುಚ್ಚಿದ ಕೋಣೆಯಲ್ಲಿ, ನೆಲಮಾಳಿಗೆಯಲ್ಲಿ ಅದನ್ನು ಇಡಬಾರದು. ತಲೆನೋವು, ಏದುಸಿರು, ತಲೆಸುತ್ತು ಕಂಡರೆ ಕಾರಣ ಹುಡುಕುತ್ತ ಕೂಡದೆ ಕೂಡಲೆ ಹೊರಕ್ಕೆ ಬರಬೇಕು.

ಇನ್ನೊಂದು ಪಾಠ ಅದೇ ಉರಿಯುವ ಬಯಲಿನದು. ಪೊಜ್ಜುವೋಲಿಯ ಸೊಲ್ಫಾತಾರ ಎಂಬ ಹೊಗೆಯಾಡುವ ಕುಳಿಯಲ್ಲಿ, 2017ರ ಸೆಪ್ಟೆಂಬರಿನಲ್ಲಿ, ಬಿಸಿಯೂ ವಿಷಾನಿಲವೂ ತುಂಬಿದ ಹೊಂಡಕ್ಕೆ ಬಾಲಕನೊಬ್ಬ ಬಿದ್ದನು. ಅವನನ್ನು ಎತ್ತಲು ಹೋದ ತಂದೆತಾಯಿಗಳಿಬ್ಬರೂ ಅವನೊಡನೆ ಸತ್ತರು. ಯಾರ ಕರುಳು ತಾನೇ ಸುಮ್ಮನೆ ನಿಲ್ಲಲು ಬಿಟ್ಟೀತು? ಆದರೂ ಮುಚ್ಚಿದ ಜಾಗದಲ್ಲಿ ಒಬ್ಬರು ಕುಸಿದುದನ್ನು ಕಂಡವರು ಮೊದಲು ಬಾಗಿಲು ಕಿಟಕಿಗಳನ್ನು ಹೊರಗಿನಿಂದಲೇ ತೆರೆದು, ಗಾಳಿಯಾಡಿಸಿ, ನೆರವಿಗೆ ಜನರನ್ನು ಕೂಗಬೇಕು. ಉಸಿರು ಬಿಗಿಹಿಡಿದು ಒಳನುಗ್ಗುವ ಸಾಹಸ ಒಂದು ಸಾವನ್ನು ಎರಡಾಗಿಸೀತು.

ವೆಸೂವಿಯಸ್ ಎದ್ದಾಗ ಗುಡುಗುತ್ತದೆ, ಹೊಗೆಯುಗುಳುತ್ತದೆ, ಓಡಲು ಹೇಳುತ್ತದೆ. ನಾಯಿಯ ಗುಹೆ ಏನನ್ನೂ ಹೇಳುವುದಿಲ್ಲ. ಡ್ರೈ ಐಸ್ ತುಂಬಿದ ಪೆಟ್ಟಿಗೆಯೂ ಅಂತಹದೇ ಮೌನಿ.